ನೈಟ್ರೋಜನ್ ಎಲ್ಲಿಂದ ತರಬೇಕು? ಸಿಲಿಂಡರ್, ದ್ರವ ಟ್ಯಾಂಕ್, ಜನರೇಟರ್: ಸುರಕ್ಷತೆಯ ಲೆಕ್ಕದಲ್ಲಿ ಒಂದು ಹೋಲಿಕೆ

ಪೀಣ್ಯದಲ್ಲಿ ಫೈಬರ್ ಲೇಸರ್ ಹಾಕಿಕೊಂಡ ಸಣ್ಣ ಕಾರ್ಖಾನೆಗಳಿಗೆ ಒಂದು ಹಂತ ಬಂದೇ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕಟಿಂಗ್ ಆರ್ಡರ್ ಜಾಸ್ತಿಯಾಗುತ್ತದೆ. ಅಂಚು ಹೊಳೆಯುವಂತೆ ಕತ್ತರಿಸಲು ಲೇಸರ್ ಜೊತೆ ಊದುವ ನೈಟ್ರೋಜನ್ ಸಿಲಿಂಡರ್ ಮಧ್ಯಾಹ್ನಕ್ಕೇ ಖಾಲಿ. ಆಗ ಮಾಲೀಕರ ಮೇಜಿಗೆ ಮೂರು ಕೊಟೇಷನ್ ಬರುತ್ತವೆ. ಒಂದು, ಇನ್ನಷ್ಟು ಸಿಲಿಂಡರ್ ಸೇರಿಸಿ, ಎಲ್ಲವನ್ನೂ ಒಂದೇ ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ಹಾಕುವುದು. ಎರಡು, ದ್ರವ ನೈಟ್ರೋಜನ್ ಟ್ಯಾಂಕ್. ಮೂರು, ಗಾಳಿಯಿಂದ ಇಲ್ಲೇ ನೈಟ್ರೋಜನ್ ತಯಾರಿಸುವ ಜನರೇಟರ್, ಜೊತೆಗೆ ಒತ್ತಡ ಏರಿಸುವ ಬೂಸ್ಟರ್. ಮೂರನ್ನೂ ಹೋಲಿಸುವುದು ಒಂದೇ ಸಾಲಿನಲ್ಲಿ: ಘನ ಮೀಟರ್‌ಗೆ ಎಷ್ಟು ರೂಪಾಯಿ ಬೀಳುತ್ತದೆ?

ದರದ ಹೋಲಿಕೆಯನ್ನು ಮಾರುವವರೇ ಚೆನ್ನಾಗಿ ಮಾಡಿಕೊಡುತ್ತಾರೆ. ಅವರು ಮಾಡಿಕೊಡದ ಹೋಲಿಕೆ ಇನ್ನೊಂದಿದೆ. ಏನಾದರೂ ಕೆಟ್ಟರೆ, ಜನ ನಿಂತಿರುವ ಜಾಗಕ್ಕೆ ಎಷ್ಟು ನೈಟ್ರೋಜನ್ ಬರುತ್ತದೆ, ಎಷ್ಟು ಬೇಗ ಬರುತ್ತದೆ, ಅದನ್ನು ಯಾವುದು ನಿಲ್ಲಿಸುತ್ತದೆ? ಮೂರೂ ದಾರಿಗಳಲ್ಲಿ ಬರುವುದು ಅದೇ ಅನಿಲ. ಆದರೆ ಅಪಾಯ ಬರುವ ರೀತಿ ಪೂರ್ತಿ ಬೇರೆ. ಹಾಗಾಗಿ ಜಾಗ, ಫ್ಯಾನು, ಮೀಟರು, ಕೆಲಸಗಾರರಿಗೆ ಹೇಳಿಕೊಡುವ ಪಾಠ ಎಲ್ಲವೂ ಬೇರೆಯಾಗುತ್ತವೆ.

ಮೊದಲು, ಈ ಅನಿಲ ಏನು ಮಾಡುತ್ತದೆ

ನಾವು ಉಸಿರಾಡುವ ಗಾಳಿಯಲ್ಲಿ 78 ಭಾಗ ನೈಟ್ರೋಜನ್ನೇ. "ಗಾಳಿಯಲ್ಲೇ ಇದೆಯಲ್ಲ, ಏನಾಗುತ್ತೆ" ಎಂಬ ಮಾತು ಪ್ರತಿ ಶಾಪ್‌ನಲ್ಲೂ ಕೇಳುತ್ತದೆ. ನೈಟ್ರೋಜನ್ ವಿಷ ಅಲ್ಲ, ನಿಜ. ಅದು ಆಕ್ಸಿಜನ್ನಿನ ಜಾಗ ಹಿಡಿಯುತ್ತದೆ, ಅಷ್ಟೇ. ಆ ಅಷ್ಟೇ ಸಾಕು ಜೀವ ಹೋಗಲು.

ಉಸಿರು ಕಟ್ಟಿದ ಹಾಗೆ ನಮಗೆ ಅನಿಸುವುದು ಮುಖ್ಯವಾಗಿ ದೇಹದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ. ನೈಟ್ರೋಜನ್ ತುಂಬಿದ ಕೋಣೆಯಲ್ಲಿ ಉಸಿರು ಸರಾಗವಾಗಿ ಹೋಗಿ ಬರುತ್ತಿರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಕೆಮ್ಮು ಇಲ್ಲ, ವಾಸನೆ ಇಲ್ಲ, ಕಣ್ಣುರಿ ಇಲ್ಲ. ಆಕ್ಸಿಜನ್ 19.5 ಶೇಕಡಾಕ್ಕಿಂತ ಇಳಿದರೆ ಅಪಾಯದ ವಲಯ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮ ಹೇಳುತ್ತದೆ. ನಮ್ಮಲ್ಲಿ ಸಿಗುವ ಮೀಟರ್‌ಗಳ ಮೊದಲ ಅಲಾರ್ಮ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. 10ರ ಕೆಳಗೆ ಇಳಿದರೆ ಎಚ್ಚರ ತಪ್ಪುತ್ತದೆ. 4ರಿಂದ 6ಕ್ಕೆ ಬಂದರೆ ಒಂದು ನಿಮಿಷವೂ ಸಿಗುವುದಿಲ್ಲ.

ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ 2003ರಲ್ಲಿ ಒಂದು ಎಚ್ಚರಿಕೆ ಪ್ರಕಟಿಸಿತು. 1992ರಿಂದ 2002ರ ನಡುವಿನ 85 ನೈಟ್ರೋಜನ್ ಅವಘಡಗಳನ್ನು ಅವರು ಗುರುತಿಸಿದ್ದರು. ಸತ್ತವರು 80 ಮಂದಿ, ಗಾಯಗೊಂಡವರು 50. ಈ ಎರಡು ಅಂಕಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಬೇರೆ ಬಗೆಯ ಅವಘಡಗಳಲ್ಲಿ ಗಾಯಗೊಂಡವರೇ ಜಾಸ್ತಿ ಇರುತ್ತಾರೆ, ಸತ್ತವರು ಕಡಿಮೆ. ಇಲ್ಲಿ ತಿರುಗಾಮುರುಗಾ.

ಒಂದೇ ಕೋಣೆ, ಮೂರು ಲೆಕ್ಕ

ಹೋಲಿಕೆಗೆ ಒಂದು ಕೋಣೆ ಇಟ್ಟುಕೊಳ್ಳೋಣ. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಒಟ್ಟು 60 ಘನ ಮೀಟರ್. ಶೆಡ್‌ನ ಹಿಂಬದಿಯಲ್ಲಿ ಗ್ಯಾಸ್‌ಗೆ ಅಂತ ಬಿಟ್ಟುಕೊಡುವ ಜಾಗ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಬಾಗಿಲು ಕಿಟಕಿ ಮುಚ್ಚಿದೆ, ಫ್ಯಾನ್ ಇಲ್ಲ, ಸೋರಿದ ಅನಿಲ ಕೋಣೆಯಲ್ಲೆಲ್ಲ ಸಮವಾಗಿ ಬೆರೆಯುತ್ತದೆ ಅಂದುಕೊಳ್ಳಿ.

ನಮ್ಮಲ್ಲಿ ಬರುವ ದೊಡ್ಡ ಸಿಲಿಂಡರ್‌ನ ನೀರಿನ ಅಳತೆ ಸುಮಾರು 47 ಲೀಟರ್. 150 ಬಾರ್ ಒತ್ತಡಕ್ಕೆ ತುಂಬಿದರೆ ಒಳಗೆ 7 ಘನ ಮೀಟರ್ ಅನಿಲ ಇರುತ್ತದೆ. ಒಂದು ಸಿಲಿಂಡರ್ ಪೂರ್ತಿ ಸೋರಿದರೆ ಕೋಣೆಯ ಆಕ್ಸಿಜನ್ 20.9ರಿಂದ 18.6ರ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ಒಂದು ಸಿಲಿಂಡರ್, ಗೆರೆ ದಾಟಿ ಆಯಿತು. ಹತ್ತು ಸಿಲಿಂಡರ್‌ಗಳ ವಾಲ್ವ್ ಎಲ್ಲ ತೆರೆದಿರುವ ಮ್ಯಾನಿಫೋಲ್ಡ್‌ನಲ್ಲಿ ಒಂದು ಪೈಪು ಕಿತ್ತು ಬಂದರೆ 70 ಘನ ಮೀಟರ್ ಹೊರಬರುತ್ತದೆ, ಆಕ್ಸಿಜನ್ 7ರ ಕೆಳಗೆ ಹೋಗುತ್ತದೆ. ಆದರೆ ಅಲ್ಲಿಗೆ ಮುಗಿಯಿತು. ಸಿಲಿಂಡರ್ ಖಾಲಿಯಾದ ಮೇಲೆ ಹೊಸದಾಗಿ ಬರುವುದೇನಿಲ್ಲ.

ದ್ರವದ ಲೆಕ್ಕ ಬೇರೆ. ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ಈ ದ್ರವದ ಒಂದು ಲೀಟರ್, ಕೋಣೆಯ ಬಿಸಿಗೆ ಬಂದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಚಕ್ರದ ಮೇಲೆ ತಳ್ಳಿಕೊಂಡು ಬರುವ, ಥರ್ಮಾಸ್ ಹಾಗೆ ಚಳಿ ಹಿಡಿದಿಡುವ 180 ಲೀಟರಿನ ಪಾತ್ರೆ, ಅಂದರೆ ಒಂದು ಡ್ಯೂವರ್‌ನಲ್ಲಿ 125 ಘನ ಮೀಟರ್ ಅನಿಲ ಅಡಗಿದೆ. ನಮ್ಮ ಕೋಣೆಗಿಂತ ಎರಡು ಪಟ್ಟು.

ಇನ್ನು ಗಂಟೆಗೆ 20 ಘನ ಮೀಟರ್ ಕೊಡುವ ಜನರೇಟರ್. ಅದರ ಲೈನ್ ಈ ಕೋಣೆಯಲ್ಲಿ ಪೂರ್ತಿ ಬಿಚ್ಚಿಕೊಂಡರೆ ಆಕ್ಸಿಜನ್ 19.5ಕ್ಕೆ ಇಳಿಯಲು ಹನ್ನೆರಡು ನಿಮಿಷ ಬೇಕು. ನಿಧಾನ ಅಲ್ವಾ? ಆದರೆ ಇದು ನಿಲ್ಲುವುದೇ ಇಲ್ಲ. ಕಂಪ್ರೆಸರ್‌ಗೆ ಕರೆಂಟ್ ಇರುವ ತನಕ ಬರುತ್ತಲೇ ಇರುತ್ತದೆ. ಸಣ್ಣ ಸೋರಿಕೆಯಿದ್ದರೆ ಗೊತ್ತೂ ಆಗುವುದಿಲ್ಲ. ಸಿಲಿಂಡರ್ ಆದರೆ ಬೇಗ ಖಾಲಿಯಾಯಿತಲ್ಲ ಅಂತ ಯಾರಾದರೂ ಕೇಳುತ್ತಾರೆ. ಜನರೇಟರ್‌ನಲ್ಲಿ ಕೇಳುವವರಿಲ್ಲ, ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದಿರುತ್ತದೆ ಅಷ್ಟೇ.

ಈಗ ಫ್ಯಾನ್ ಸೇರಿಸಿ. ಗಂಟೆಗೆ ಕೋಣೆಯ ಗಾಳಿ ಎರಡು ಸಲ ಬದಲಾದರೆ ಅದೇ ಸೋರಿಕೆಗೆ ಆಕ್ಸಿಜನ್ 18ರ ಕೆಳಗೆ ಹೋಗಿ ನಿಲ್ಲುತ್ತದೆ. ಆರು ಸಲ ಬದಲಾದರೆ 19.8ರಲ್ಲಿ ನಿಲ್ಲುತ್ತದೆ. ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್, ಎದುರು ಗೋಡೆಯ ಕೆಳಗೆ ಗಾಳಿ ಒಳಬರಲು ಒಂದು ಜಾಲರಿ: ಜನರೇಟರ್ ಸೋರಿಕೆಯನ್ನು ಇಷ್ಟರಲ್ಲೇ ಹಿಡಿದಿಡಬಹುದು. ಡ್ಯೂವರ್ ಚೆಲ್ಲಿದರೆ ಆ ಫ್ಯಾನ್‌ನಿಂದ ಏನೂ ಆಗುವುದಿಲ್ಲ. ಕೊಟೇಷನ್ ಕೈಯಲ್ಲಿ ಹಿಡಿದಾಗ ನಿಮ್ಮ ಕೋಣೆಯ ಅಳತೆ ಇಟ್ಟುಕೊಂಡು ಈ ಲೆಕ್ಕ ಒಮ್ಮೆ ಮಾಡಿ. ಅರ್ಧ ಗಂಟೆಯ ಕೆಲಸ.

ಸಿಲಿಂಡರ್

ಬೂದು ಬಣ್ಣದ ಮೈ, ಕಪ್ಪು ಕತ್ತು. ಎಲ್ಲರಿಗೂ ಗೊತ್ತಿರುವ ವಸ್ತು, ಅದೇ ಅದರ ದೊಡ್ಡ ಗುಣ. ಕೆಲಸಗಾರರಿಗೆ ಅದರ ಭಯ ಇದೆ, ಅಭ್ಯಾಸವೂ ಇದೆ. ಸಿಲಿಂಡರನ್ನು ಪರೀಕ್ಷೆ ಮಾಡಿಸುವುದು ತುಂಬಿಸಿಕೊಡುವ ಕಂಪನಿಯ ತಲೆನೋವು. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಕತ್ತಿನ ಹತ್ತಿರ ಕೊರೆದಿರುವ ತಾರೀಖು ನೋಡಿ ಇಳಿಸಿಕೊಳ್ಳುವುದು ಮಾತ್ರ ನಿಮ್ಮ ಕೆಲಸ.

ತೊಂದರೆ ಇರುವುದು ಕೈಗಳಲ್ಲಿ. ದಿನಕ್ಕೆ ಹತ್ತು ಸಿಲಿಂಡರ್ ಬದಲಾಯಿಸುವುದು ಎಂದರೆ 150 ಬಾರ್‌ನ ಹತ್ತು ಜೋಡಣೆಗಳನ್ನು ದಿನವೂ ಬಿಚ್ಚಿ ಕಟ್ಟುವುದು. ಲಾರಿಯಿಂದ ಉರುಳಿಸುವುದು, ಕ್ಯಾಪ್ ಇಲ್ಲದೆ ಎಳೆಯುವುದು, ಚೈನ್ ಹಾಕದೆ ಗೋಡೆಗೆ ಒರಗಿಸುವುದು. ವಾಲ್ವ್ ಮುರಿದರೆ ಐವತ್ತು ಕೆಜಿಗೂ ಜಾಸ್ತಿ ತೂಕದ ಉಕ್ಕು ಹಾರುತ್ತದೆ. ಮ್ಯಾನಿಫೋಲ್ಡ್‌ನ ಬಳುಕುವ ಪೈಪುಗಳಿಗೆ ಎರಡೂ ತುದಿಯಲ್ಲಿ ಉಕ್ಕಿನ ಹಗ್ಗ ಕಟ್ಟಿಸಿ. ಪೈಪು ಕಿತ್ತುಕೊಂಡರೆ ಚಾಟಿಯ ಹಾಗೆ ಬೀಸುತ್ತದೆ. ಒತ್ತಡ ಇಳಿಸುವ ರೆಗ್ಯುಲೇಟರ್ ಆದ ಮೇಲೆ ಒಂದು ಸೇಫ್ಟಿ ವಾಲ್ವ್ ಇರಲೇಬೇಕು. ರೆಗ್ಯುಲೇಟರ್ ಒಳಗಿನ ಸೀಟ್ ಕೆಟ್ಟರೆ 150 ಬಾರ್ ನೇರವಾಗಿ 30 ಬಾರ್‌ನ ಲೈನಿಗೆ ನುಗ್ಗುತ್ತದೆ.

ದಿನಕ್ಕೆ ಮೂರು ನಾಲ್ಕು ಸಿಲಿಂಡರ್ ಸಾಕಾಗುವವರು ಇದನ್ನು ಬಿಟ್ಟು ಬೇರೆ ಕಡೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಸಿಲಿಂಡರ್‌ಗಳನ್ನು ಶೆಡ್‌ನ ಹೊರಗೆ, ನೆರಳಿನಲ್ಲಿ, ಜಾಲರಿ ಗೋಡೆಯ ಒಳಗೆ ಇಟ್ಟುಬಿಟ್ಟರೆ ಮೇಲಿನ ಕೋಣೆಯ ಲೆಕ್ಕವೇ ಬೇಡವಾಗುತ್ತದೆ.

ದ್ರವ ನೈಟ್ರೋಜನ್

ಹೊರಗೆ ಅಂಗಳದಲ್ಲಿ ಕಾಂಕ್ರೀಟ್ ಕಟ್ಟೆಯ ಮೇಲೆ ನಿಂತ ದೊಡ್ಡ ಟ್ಯಾಂಕ್, ಪಕ್ಕದಲ್ಲಿ ರೆಕ್ಕೆ ರೆಕ್ಕೆಯಾಗಿರುವ ವೇಪರೈಸರ್, ಟ್ಯಾಂಕರ್ ಬಂದು ತುಂಬಿಸಿ ಹೋಗುತ್ತದೆ. ಇಂಥ ವ್ಯವಸ್ಥೆ ಚೆನ್ನಾಗಿಯೇ ನಡೆಯುತ್ತದೆ. ಟ್ಯಾಂಕ್ ಸಾಮಾನ್ಯವಾಗಿ ಗ್ಯಾಸ್ ಕಂಪನಿಯದೇ ಆಗಿರುತ್ತದೆ, ನೋಡಿಕೊಳ್ಳುವುದೂ ಅವರೇ. 1000 ಲೀಟರ್ ದಾಟಿದ ಟ್ಯಾಂಕ್ 2016ರ ಎಸ್‌ಎಂಪಿವಿ (ಒತ್ತಡದ ಪಾತ್ರೆಗಳ) ನಿಯಮಗಳ ಕೆಳಗೆ ಬರುತ್ತದೆ, ಸ್ಫೋಟಕ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಪೆಸೊ ಅನುಮತಿ ಬೇಕು. ಈ ಕಾಗದ ಪತ್ರದ ಬಿಗಿಯೇ ಒಂದು ರಕ್ಷಣೆ.

ವೇಪರೈಸರ್ ಕಡೆ ಮಾತ್ರ ಕಣ್ಣಿರಲಿ. ಹೊರಗಿನ ಗಾಳಿಯ ಬಿಸಿಯಿಂದಲೇ ಅದು ದ್ರವವನ್ನು ಅನಿಲ ಮಾಡುವುದು. ಮಂಗಳೂರು, ಬೈಕಂಪಾಡಿ ಕಡೆ ಗಾಳಿಯಲ್ಲಿ ತೇವ ಜಾಸ್ತಿ, ರೆಕ್ಕೆಗಳ ಮೇಲೆ ಮಂಜುಗಡ್ಡೆ ದಪ್ಪವಾಗಿ ಕೂರುತ್ತದೆ. ಅದರ ಶಕ್ತಿ ಮೀರಿ ಅನಿಲ ಎಳೆದರೆ ಕೊರೆಯುವ ತಣ್ಣನೆಯ ಅನಿಲ, ಕೆಲವೊಮ್ಮೆ ದ್ರವವೇ, ಮುಂದಿನ ಪೈಪಿಗೆ ಹೋಗುತ್ತದೆ. ಸಾಮಾನ್ಯ ಕಬ್ಬಿಣದ ಪೈಪು ಆ ಚಳಿಗೆ ಗಾಜಿನ ಹಾಗೆ ಬಿರಿಯುತ್ತದೆ. ವೇಪರೈಸರ್ ಆದ ಮೇಲೆ ಉಷ್ಣತೆ ತೀರಾ ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇದೆಯೇ ಎಂದು ಕೇಳಿ. ಇಲ್ಲ ಎಂದರೆ ಹಾಕಿಸಿ.

ಎರಡು ವಾಲ್ವ್‌ಗಳ ನಡುವೆ ದ್ರವ ಸಿಕ್ಕಿಬಿದ್ದರೆ ಅದು ಕುದಿದು ಪೈಪು ಒಡೆಯುತ್ತದೆ. ಅದಕ್ಕೇ ಅಂಥ ಪ್ರತಿ ತುಂಡಿಗೂ ಸಣ್ಣ ರಿಲೀಫ್ ವಾಲ್ವ್ ಇರುತ್ತದೆ. ಅದು ಆಗಾಗ ಚುಸ್ ಅನ್ನುವುದು ಸಹಜ, ಕಿರಿಕಿರಿ ಅಂತ ಯಾರೂ ಮುಚ್ಚಬಾರದು. 2006ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ ಒಂದು ನೈಟ್ರೋಜನ್ ಡ್ಯೂವರ್ ಸಿಡಿದು ಚಾವಣಿ ತೂರಿಕೊಂಡು ಹೋಯಿತು. ಒತ್ತಡ ಬಿಡುವ ಸಾಧನಗಳನ್ನು ಯಾವತ್ತೋ ತೆಗೆದು ಆ ತೂತುಗಳಿಗೆ ಹಿತ್ತಾಳೆಯ ಪ್ಲಗ್ ಬಿಗಿದಿದ್ದರು. ನಡುರಾತ್ರಿ ಮೀರಿದ ಹೊತ್ತಾದ್ದರಿಂದ ಜನ ಉಳಿದರು.

ದ್ರವವನ್ನು ಕಟ್ಟಡದ ಒಳಗೆ ಬಳಸುವುದು ಮಾತ್ರ ನಿಜಕ್ಕೂ ಯೋಚಿಸಬೇಕಾದ ವಿಷಯ. 2021ರ ಜನವರಿ 28ರಂದು ಜಾರ್ಜಿಯಾ ರಾಜ್ಯದ ಗೇನ್ಸ್‌ವಿಲ್‌ನ ಒಂದು ಕೋಳಿ ಸಂಸ್ಕರಣಾ ಘಟಕದಲ್ಲಿ ಫ್ರೀಜರ್‌ನ ದ್ರವದ ಮಟ್ಟ ಅಳೆಯುವ ಕೊಳವೆ ಬಾಗಿತ್ತು. ಮಟ್ಟ ಗೊತ್ತಾಗದೆ ದ್ರವ ಉಕ್ಕಿ ಕೋಣೆ ತುಂಬಿತು. ಆರು ಜನ ಸತ್ತರು. ಏನಾಯಿತು ನೋಡೋಣ ಎಂದು ಒಳಗೆ ಹೋದವರೂ ಅದರಲ್ಲಿದ್ದರು. ಆ ಕೋಣೆಯಲ್ಲಿ ಆಕ್ಸಿಜನ್ ಅಲಾರ್ಮ್ ಇರಲಿಲ್ಲ. ಹಾಗಾಗಿ ನನ್ನ ಸಲಹೆ ನೇರವಾಗಿದೆ: ಟ್ಯಾಂಕ್ ಅಂಗಳದಲ್ಲಿ ಇಡಲು ಜಾಗ ಇದ್ದರೆ ದ್ರವ ಒಳ್ಳೆಯದೇ. ಜಾಗ ಇಲ್ಲ, ಡ್ಯೂವರ್‌ಗಳನ್ನು ಶೆಡ್ ಒಳಗೆ ಸಾಲಾಗಿ ನಿಲ್ಲಿಸಿಕೊಳ್ಳುತ್ತೇನೆ ಎನ್ನುವುದಾದರೆ ಬೇಡ. ಮೇಲಿನ ಮಹಡಿಗೆ ಲಿಫ್ಟ್‌ನಲ್ಲಿ ಸಾಗಿಸುವ ಜಾಗಗಳಲ್ಲಂತೂ ಡ್ಯೂವರ್ ಜೊತೆ ಮನುಷ್ಯ ಲಿಫ್ಟ್ ಹತ್ತಲೇಬಾರದು.

ಜನರೇಟರ್: ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲಬೇಕು

ಕೋವಿಡ್ ಸಮಯದಲ್ಲಿ ಜಿಲ್ಲಾಸ್ಪತ್ರೆಗಳ ಅಂಗಳದಲ್ಲಿ ಪಿಎಸ್‌ಎ (ಒತ್ತಡ ಏರಿಸಿ ಇಳಿಸಿ ಗಾಳಿಯಿಂದ ಒಂದು ಅನಿಲವನ್ನು ಬೇರ್ಪಡಿಸುವ) ಆಕ್ಸಿಜನ್ ಪ್ಲಾಂಟ್ ಬಂದದ್ದು ನೆನಪಿರಬಹುದು. ನೈಟ್ರೋಜನ್ ಪಿಎಸ್‌ಎ ಅದರ ಅಣ್ಣತಮ್ಮ. ಅಲ್ಲಿ ಜಿಯೋಲೈಟ್, ಇಲ್ಲಿ ಕಾರ್ಬನ್ ಮಾಲಿಕ್ಯುಲರ್ ಸೀವ್ ಎಂಬ ಕಪ್ಪು ಕಾಳು. ಕಂಪ್ರೆಸರ್ ಗಾಳಿಯನ್ನು 7–8 ಬಾರ್‌ಗೆ ಒತ್ತುತ್ತದೆ. ಡ್ರೈಯರ್ ನೀರು ತೆಗೆಯುತ್ತದೆ, ಫಿಲ್ಟರ್ ಎಣ್ಣೆ ಹಿಡಿಯುತ್ತದೆ. ಎರಡು ಟವರ್‌ಗಳಲ್ಲಿ ಒಂದಕ್ಕೆ ಗಾಳಿ ಹೋಗುತ್ತದೆ. ಆಕ್ಸಿಜನ್ ಕಾಳಿನ ಸೂಕ್ಷ್ಮ ರಂಧ್ರಗಳಿಗೆ ಬೇಗ ಇಳಿಯುತ್ತದೆ, ನೈಟ್ರೋಜನ್ ಮುಂದೆ ಹೋಗುತ್ತದೆ. ಸುಮಾರು ಒಂದು ನಿಮಿಷಕ್ಕೆ ಆ ಟವರ್‌ನ ಒತ್ತಡ ಪುಸ್ ಎಂದು ಹೊರಬಿದ್ದು ಕಾಳು ಆಕ್ಸಿಜನ್ ಬಿಟ್ಟುಕೊಡುತ್ತದೆ, ಅಷ್ಟರಲ್ಲಿ ಇನ್ನೊಂದು ಟವರ್ ಕೆಲಸ ಶುರುಮಾಡಿರುತ್ತದೆ.

ಆ ಪುಸ್ ಎಂಬ ಅನಿಲದಲ್ಲಿ ಆಕ್ಸಿಜನ್ ಮಾಮೂಲಿಗಿಂತ ಜಾಸ್ತಿ. ಕೋಣೆಯಲ್ಲೇ ಬಿಟ್ಟರೆ ಬೆಂಕಿಯ ಅಪಾಯ ಏರುತ್ತದೆ. 23.5 ಶೇಕಡಾ ದಾಟಿದರೆ ಬಟ್ಟೆ, ಎಣ್ಣೆ ಒರೆಸಿದ ಚಿಂದಿ ಬೇಗ ಹತ್ತಿಕೊಂಡು ಜೋರಾಗಿ ಉರಿಯುತ್ತವೆ. ಅದೇ ಕೋಣೆಯಲ್ಲಿ ನೈಟ್ರೋಜನ್ ಟ್ಯಾಂಕ್ ಇದೆ, ಅದರ ಸೇಫ್ಟಿ ವಾಲ್ವ್ ಇದೆ. ಯಂತ್ರ ಬೆಳಿಗ್ಗೆ ಶುರುವಾದಾಗ ಶುದ್ಧತೆ ಬರುವ ತನಕ ಹೊರಗೆ ಬಿಡುವ ನೈಟ್ರೋಜನ್ ಕೂಡ ಇದೆ. ಅಂದರೆ ಒಂದೇ ಕೋಣೆಯಲ್ಲಿ ಆಕ್ಸಿಜನ್ ಜಾಸ್ತಿಯಾಗುವ ಅಪಾಯ, ಕಡಿಮೆಯಾಗುವ ಅಪಾಯ ಎರಡೂ. ಸಿಲಿಂಡರ್‌ನಲ್ಲೂ ದ್ರವ ಟ್ಯಾಂಕ್‌ನಲ್ಲೂ ಈ ಜೋಡಿ ಇಲ್ಲ. ಅದಕ್ಕೇ ಜನರೇಟರ್ ಕೋಣೆಗೆ ಕೊಳ್ಳುವ ಮೀಟರ್ ಕೆಳಗೂ ಮೇಲಕ್ಕೂ ಅಲಾರ್ಮ್ ಕೊಡುವಂಥದ್ದಿರಲಿ.

ಮೂರು ಪೈಪುಗಳು ಬಯಲಿಗೆ ಹೋಗಬೇಕು: ಟವರ್ ಬಿಡುವ ಅನಿಲದ್ದು, ಸೇಫ್ಟಿ ವಾಲ್ವ್‌ನದು, ಶುರುವಿನಲ್ಲಿ ಬಿಡುವ ನೈಟ್ರೋಜನ್‌ನದು. ಟವರ್‌ನ ಪೈಪು ಸಾಕಷ್ಟು ದಪ್ಪ ಇರಲಿ. ಸಣ್ಣ ಪೈಪಿನಲ್ಲಿ ಸಿಕ್ಕಿಕೊಂಡರೆ ಕಾಳು ಸರಿಯಾಗಿ ಖಾಲಿಯಾಗುವುದಿಲ್ಲ, ಶುದ್ಧತೆ ಬೀಳುತ್ತದೆ. ಮೂರನ್ನೂ ಒಂದೇ ಪೈಪಿಗೆ ಸೇರಿಸಿ ಖರ್ಚು ಉಳಿಸುವ ಯೋಚನೆ ಬೇಡ. ತುದಿಗಳು ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಕಡೆಗೂ ಇರಬಾರದು, ಜನ ಊಟಕ್ಕೆ ಕೂರುವ ಕಡೆಗೂ, ಗ್ರೈಂಡಿಂಗ್ ಕಿಡಿ ಹಾರುವ ಕಡೆಗೂ ಇರಬಾರದು.

ಟವರ್‌ಗಳ ವಿಷಯದಲ್ಲಿ ಕೊಳ್ಳುವವರು ಕೇಳಲೇಬೇಕಾದ, ಸಾಮಾನ್ಯವಾಗಿ ಕೇಳದ ಪ್ರಶ್ನೆ ಒಂದಿದೆ. ಸಾಮಾನ್ಯ ಏರ್ ಟ್ಯಾಂಕ್‌ನಲ್ಲಿ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಪಿಎಸ್‌ಎ ಟವರ್ ಎರಡು ನಿಮಿಷಕ್ಕೊಮ್ಮೆ ಸೊನ್ನೆಯಿಂದ ಏಳು ಬಾರ್‌ಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಹಗಲು ರಾತ್ರಿ ಓಡಿದರೆ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಜಾಸ್ತಿ ಸಲ. ಬಗ್ಗಿಸಿ ಬಗ್ಗಿಸಿ ತಂತಿ ಮುರಿಯುವಂತೆ ಬೆಸುಗೆಗಳು ದಣಿಯುತ್ತವೆ, ಅದರಲ್ಲೂ ಪೈಪು ಬಂದು ಸೇರುವ ಕಡೆ. ಕಡಿಮೆ ದರಕ್ಕೆ ಸಿಕ್ಕಿತು ಅಂತ ಸಾಮಾನ್ಯ ಏರ್ ಟ್ಯಾಂಕ್ ಲೆಕ್ಕದಲ್ಲಿ ಕಟ್ಟಿದ ಟವರ್ ಕೊಂಡರೆ ಈ ದಣಿವಿನ ಲೆಕ್ಕ ಯಾರೂ ಹಾಕಿರುವುದಿಲ್ಲ. "ಎಷ್ಟು ಸಲದ ಏರಿಳಿತಕ್ಕೆ ಡಿಸೈನ್ ಮಾಡಿದ್ದೀರಿ, ಕಾಗದದಲ್ಲಿ ಕೊಡಿ" ಎಂದು ಕೇಳಿ. ಉತ್ತರ ತಡವರಿಸಿದರೆ ಮುಂದಿನ ಕೊಟೇಷನ್ ನೋಡಿ.

ಟವರ್ ಬಿಡುವ ಅನಿಲದ ಸದ್ದು ಅಡಗಿಸುವ ಸೈಲೆನ್ಸರ್ ಸುತ್ತ ಕಪ್ಪು ಪುಡಿ ಕಂಡರೆ ಕಾಳು ಒಡೆದು ಪುಡಿಯಾಗುತ್ತಿದೆ ಎಂದರ್ಥ. ಆ ಪುಡಿ ಸೈಲೆನ್ಸರನ್ನು ಕಟ್ಟಿಹಾಕುತ್ತದೆ, ಹಿಂದೆ ಒತ್ತಡ ಉಳಿಯುತ್ತದೆ. ಬಿಳಿ ಬಟ್ಟೆಯಿಂದ ಒರೆಸಿ ನೋಡುವುದು ವಾರದ ಕೆಲಸದ ಪಟ್ಟಿಯಲ್ಲಿರಲಿ. ಕಾಳು ಬದಲಿಸುವಾಗ ಟವರ್‌ನ ಮೇಲಿನ ಮುಚ್ಚಳ ತೆಗೆಯುತ್ತಾರೆ. ಒಳಗೆ ಇರುವುದು ನೈಟ್ರೋಜನ್. ಮಟ್ಟ ನೋಡೋಣ ಎಂದು ತಲೆ ಹಾಕುವುದು, ಬಿದ್ದ ಸ್ಪ್ಯಾನರ್ ಎತ್ತಲು ಬಗ್ಗುವುದು, ಇಷ್ಟೇ ಸಾಕು. 2005ರ ನವೆಂಬರ್‌ನಲ್ಲಿ ಅಮೆರಿಕದ ಡೆಲವೇರ್ ಸಿಟಿ ರಿಫೈನರಿಯಲ್ಲಿ ನೈಟ್ರೋಜನ್ ಹಾಯಿಸಿದ್ದ ರಿಯಾಕ್ಟರ್ ಒಂದರಲ್ಲಿ ಇಬ್ಬರು ಸತ್ತರು. ಒಳಗೆ ಬಿದ್ದಿದ್ದ ಡಕ್ಟ್ ಟೇಪ್ ಸುರುಳಿ ತೆಗೆಯಲು ಮೊದಲನೆಯವರು ಪ್ರಯತ್ನಿಸಿರಬೇಕು, ಅವರನ್ನು ಉಳಿಸಲು ಎರಡನೆಯವರು ಇಳಿದರು ಎಂದು ತನಿಖೆ ಹೇಳಿತು. ಟೇಪ್ ಸುರುಳಿಗೆ ಎಷ್ಟು ರೂಪಾಯಿ ಆಗುತ್ತದೆ ಹೇಳಿ. ಮುಚ್ಚಳ ತೆಗೆಯುವ ಮುಂಚೆ ಕಂಪ್ರೆಸರ್ ಸ್ವಿಚ್‌ಗೆ, ಬರುವ ಹೋಗುವ ವಾಲ್ವ್‌ಗಳಿಗೆ ಬೀಗ. ಕೀಲಿ ಕೆಲಸ ಮಾಡುವವರ ಜೇಬಿನಲ್ಲೇ ಇರಬೇಕು. ಎರಡನೇ ಟವರ್‌ನಲ್ಲೂ, ನೈಟ್ರೋಜನ್ ಟ್ಯಾಂಕ್‌ನಲ್ಲೂ ಒತ್ತಡ ಸೊನ್ನೆ ಮಾಡಿ. ಒಂದು ಗೇಜ್ ಸೊನ್ನೆ ತೋರಿಸಿದರೆ ನಂಬಬೇಡಿ, ಡ್ರೈನ್ ವಾಲ್ವ್ ತೆರೆದು ಗಾಳಿ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಬೂಸ್ಟರ್ ಮತ್ತು ಒತ್ತಡದ ಟ್ಯಾಂಕ್

ಪಿಎಸ್‌ಎ ಕೊಡುವುದು 6 ಬಾರ್ ಸುಮಾರು. ಲೇಸರ್‌ಗೆ ದಪ್ಪ ಶೀಟ್ ಕತ್ತರಿಸಲು 20 ಬಾರ್ ಸುಮಾರು ಬೇಕು. ಹಾಗಾಗಿ ಬೂಸ್ಟರ್ ಬರುತ್ತದೆ, ಹಿಂದೆಯೇ 25–30 ಬಾರ್‌ನ ಟ್ಯಾಂಕ್ ಬರುತ್ತದೆ. ಕೆಲವರು 150 ಬಾರ್‌ಗೆ ಏರಿಸಿ ಸಿಲಿಂಡರ್ ಸಾಲಿನಲ್ಲಿ ಕೂಡಿಡುವ ವ್ಯವಸ್ಥೆ ಮಾರುತ್ತಾರೆ.

"150 ಬಾರ್ ಸಿಲಿಂಡರ್‌ಗಿಂತ 25 ಬಾರ್ ಟ್ಯಾಂಕ್ ಸೇಫ್" ಎಂದು ಹೇಳುವುದನ್ನು ಕೇಳಿರುತ್ತೀರಿ. ಲೆಕ್ಕ ಹಾಗೆ ಹೇಳುವುದಿಲ್ಲ. ಒಡೆದಾಗ ಹೊರಬರುವ ಶಕ್ತಿ ಒತ್ತಡದ ಮೇಲೂ ನಿಂತಿದೆ, ಗಾತ್ರದ ಮೇಲೂ ನಿಂತಿದೆ. 47 ಲೀಟರ್ ಸಿಲಿಂಡರ್ 150 ಬಾರ್‌ನಲ್ಲಿ ಸುಮಾರು 1.3 ಮೆಗಾಜೂಲ್ ಶಕ್ತಿ ಹಿಡಿದಿರುತ್ತದೆ. 1000 ಲೀಟರ್ ಟ್ಯಾಂಕ್ 7 ಬಾರ್‌ನಲ್ಲೇ 0.9 ಹಿಡಿದಿರುತ್ತದೆ. ಅದೇ ಟ್ಯಾಂಕ್ 25 ಬಾರ್‌ನಲ್ಲಿ 3.9. ಅಂದರೆ ಮೂರು ಸಿಲಿಂಡರ್‌ನಷ್ಟು, ಅದೂ ಒಂದೇ ಡಬ್ಬಿಯಲ್ಲಿ. ಟ್ಯಾಂಕ್ ಅನ್ನು ಗೋಡೆಯ ಆಚೆ ಇಡಿಸಿ. ಅದರ ಕೆಳಗೆ ನೀರು ನಿಂತು ತುಕ್ಕು ಹಿಡಿಯದ ಹಾಗೆ ನೋಡಿ. ಒತ್ತಡದ ಟ್ಯಾಂಕ್‌ಗಳನ್ನು ಅಧಿಕೃತ ತಪಾಸಣೆಗಾರರಿಂದ ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವ ಹೊಣೆ ಈಗ ನಿಮ್ಮದು, ಗ್ಯಾಸ್ ಕಂಪನಿಯದಲ್ಲ. ಸಿಲಿಂಡರ್‌ನಿಂದ ಜನರೇಟರ್‌ಗೆ ಬದಲಾದವರು ಮರೆಯುವುದು ಇದನ್ನೇ. ಕರ್ನಾಟಕದಲ್ಲಿ ಇದನ್ನು ನೋಡುವುದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆ.

ಬೂಸ್ಟರ್‌ನ ಎರಡೂ ಕಡೆ ಒತ್ತಡ ಬೇರೆ ಬೇರೆ. ನಡುವೆ ಒಂದು ನಾನ್ ರಿಟರ್ನ್ ವಾಲ್ವ್ ಇರುತ್ತದೆ. ಅದು ಕೆಟ್ಟರೆ 25 ಬಾರ್ ಹಿಂದಕ್ಕೆ, 10 ಬಾರ್‌ಗೆ ಕಟ್ಟಿದ ಪಿಎಸ್‌ಎ ಟ್ಯಾಂಕ್‌ಗೆ ಬರುತ್ತದೆ. ಕೆಳ ಒತ್ತಡದ ಕಡೆಯ ಸೇಫ್ಟಿ ವಾಲ್ವ್ ಈ ಹಿಮ್ಮುಖ ಹರಿವನ್ನು ತಡೆದುಕೊಳ್ಳುವಷ್ಟು ದೊಡ್ಡದಿದೆಯೇ ಎಂಬುದು ನೀವು ಕೇಳಬೇಕಾದ ಎರಡನೇ ಪ್ರಶ್ನೆ. ಹಾಗೇ, 150 ಬಾರ್‌ಗೆ ಏರಿಸಿ ನಿಮ್ಮದೇ ಸಿಲಿಂಡರ್ ತುಂಬಿಕೊಳ್ಳಬಹುದು ಎಂದು ಮಾರುವವರು ಆಸೆ ಹುಟ್ಟಿಸಿದರೆ, ಸಿಲಿಂಡರ್ ತುಂಬಲು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ ಪೆಸೊ ಲೈಸೆನ್ಸ್ ಬೇಕು ಎಂದು ನೆನಪಿಟ್ಟುಕೊಳ್ಳಿ. ಲೇಸರ್ ಶಾಪ್‌ಗೆ ಈ ಗೋಜು ಬೇಡ. ನೇರವಾಗಿ 25–30 ಬಾರ್‌ಗೆ ನಿಲ್ಲಿಸಿದ ವ್ಯವಸ್ಥೆಯನ್ನೇ ಆರಿಸಿ.

ಮೆಂಬ್ರೇನ್ ಜನರೇಟರ್ ಬಗ್ಗೆ ಎರಡು ಮಾತು. ಟೊಳ್ಳು ನೂಲಿನಂಥ ಕೊಳವೆಗಳ ಮೂಲಕ ಗಾಳಿ ಹಾಯಿಸಿ ಆಕ್ಸಿಜನ್ ಸೋಸುತ್ತದೆ. ಟವರ್ ಏರಿಳಿತ ಇಲ್ಲ, ಪುಸ್ ಸದ್ದಿಲ್ಲ, ಕಾಳಿನ ಪುಡಿ ಇಲ್ಲ. 95ರಿಂದ 99.5ರ ಶುದ್ಧತೆ ಸಾಕಾಗುವ ಕಡೆ, ಅಂದರೆ ಟೈರ್, ಟ್ಯಾಂಕ್‌ಗಳ ಬೆಂಕಿ ತಡೆ, ಕೆಲವು ಪ್ಯಾಕಿಂಗ್‌ಗೆ, ನಾನು ಪಿಎಸ್‌ಎಗಿಂತ ಇದನ್ನೇ ಹೇಳುತ್ತೇನೆ. ಸ್ಟೇನ್‌ಲೆಸ್‌ನ ಹೊಳೆಯುವ ಅಂಚಿಗೆ ಇದು ಸಾಲದು. ಬರೀ 95 ಶೇಕಡಾ ತಾನೆ, ಅಪಾಯ ಕಡಿಮೆ ಎಂದು ಮಾತ್ರ ತಿಳಿಯಬೇಡಿ. 95 ಶೇಕಡಾ ನೈಟ್ರೋಜನ್ ಎಂದರೆ 5 ಶೇಕಡಾ ಆಕ್ಸಿಜನ್. ಮನುಷ್ಯ ಬೀಳುವುದು ಅಷ್ಟೇ ಬೇಗ.

ಶುದ್ಧತೆ ಬಿದ್ದರೆ ಯಾರಿಗೆ ಅಪಾಯ

ಲೇಸರ್‌ನಲ್ಲಿ ಶುದ್ಧತೆ ಬಿದ್ದರೆ ಅಂಚು ಹಳದಿಯಾಗುತ್ತದೆ, ಶೀಟ್ ಹಾಳು. ಜಿಗಣಿ, ಬೀದರ್ ಕಡೆಯ ಔಷಧ ಕಾರ್ಖಾನೆಗಳಲ್ಲಿ ಅದೇ ನೈಟ್ರೋಜನ್ ಸಾಲ್ವೆಂಟ್ ತುಂಬಿದ ರಿಯಾಕ್ಟರ್‌ಗೆ ಹೋಗುತ್ತದೆ, ಒಳಗೆ ಬೆಂಕಿ ಹತ್ತದಂತೆ ಆಕ್ಸಿಜನ್ ಹೊರಗಿಡಲು. ಅಲ್ಲಿ ಜನರೇಟರ್‌ನ ಕಾಳು ಹಳತಾಗಿ ಆಕ್ಸಿಜನ್ ಮೆಲ್ಲಗೆ ಏರುತ್ತಾ ಹೋದರೆ ರಕ್ಷಣೆಯೇ ತೆಳ್ಳಗಾಗುತ್ತಾ ಹೋಗುತ್ತದೆ. ಕರೆಂಟ್ ಹೋದರಂತೂ ಜನರೇಟರ್ ನಿಲ್ಲುತ್ತದೆ. ಹಾಗಾಗಿ ಬೆಂಕಿ ತಡೆಯಲು ನೈಟ್ರೋಜನ್ ಬಳಸುವವರು ಜನರೇಟರ್ ಒಂದನ್ನೇ ನಂಬಬಾರದು. ದ್ರವ ಟ್ಯಾಂಕೋ, ಸಿಲಿಂಡರ್ ಸಾಲೋ ಬೆನ್ನಿಗಿರಬೇಕು. ಶುದ್ಧತೆ ಇಳಿದ ತಕ್ಷಣ ತಾನಾಗಿ ಅದಕ್ಕೆ ಬದಲಾಗಬೇಕು.

ಯಾವುದನ್ನು ಆರಿಸಿದರೂ ಬಿಡಬಾರದವು

ಆಕ್ಸಿಜನ್ ಮೀಟರ್ ಎಲ್ಲಿ ಹಾಕಬೇಕು ಎಂಬುದು ನೀವು ಆರಿಸಿದ ದಾರಿಯ ಮೇಲೆ ನಿಂತಿದೆ. ಕೋಣೆಯ ಬಿಸಿಯಲ್ಲಿರುವ ನೈಟ್ರೋಜನ್ ಗಾಳಿಗಿಂತ ಒಂಚೂರು ಹಗುರ, ಎಲ್ಲ ಕಡೆ ಬೆರೆಯುತ್ತದೆ. ಸಿಲಿಂಡರ್, ಜನರೇಟರ್ ಇದ್ದರೆ ನಿಂತವರ ಮೂಗಿನ ಎತ್ತರಕ್ಕೆ ಹಾಕಿ. ದ್ರವದಿಂದ ಬರುವ ತಣ್ಣನೆಯ ಅನಿಲ ನೆಲ ಹಿಡಿದು ಹರಿಯುತ್ತದೆ, ಅಲ್ಲಿ ಮೊಣಕಾಲಿನ ಎತ್ತರದಲ್ಲಿ ಇನ್ನೊಂದು ಬೇಕು. ಅಂಕಿ ತೋರಿಸುವ ಪರದೆ ಬಾಗಿಲಿನ ಹೊರಗೆ ಇರಲಿ. ಒಳಗೆ ಹೋಗಿ ಓದಬೇಕಾದ ಮೀಟರ್‌ನಿಂದ ಏನು ಪ್ರಯೋಜನ? ಸೆನ್ಸರ್ ಎರಡು ಮೂರು ವರ್ಷಕ್ಕೆ ಸವೆಯುತ್ತದೆ. ಬದಲಿಸುವ ತಾರೀಖು ಮೀಟರ್ ಮೇಲೇ ಬರೆದಿಡಿ.

ಎಕ್ಸಾಸ್ಟ್ ಫ್ಯಾನ್ ಕರೆಂಟ್ ಕೊಡುವ ಡೀಸೆಲ್ ಸೆಟ್‌ನ ಲೈನ್‌ನಲ್ಲೇ ಇರಬೇಕು. ನಾನು ನೋಡಿದ ಅನೇಕ ಶೆಡ್‌ಗಳಲ್ಲಿ ಕರೆಂಟ್ ಹೋದಾಗ ಡೀಸೆಲ್ ಸೆಟ್‌ನಿಂದ ಲೇಸರ್, ಕಂಪ್ರೆಸರ್ ಎಲ್ಲ ಓಡುತ್ತವೆ. ಫ್ಯಾನ್ ಮಾತ್ರ ಮಾಮೂಲಿ ಲೈಟಿನ ಲೈನ್‌ನಲ್ಲಿದ್ದು ನಿಂತಿರುತ್ತದೆ. ಬೆಸ್ಕಾಂ ಕರೆಂಟ್ ಹೋದಾಗ ಕೋಣೆಯ ಗಾಳಿಯೂ ನಿಂತ ಹಾಗಾಯಿತು. ಫ್ಯಾನ್ ನಿಂತರೆ, ಅಥವಾ ಮೀಟರ್ 19.5ಕ್ಕೆ ಇಳಿದರೆ, ಕೋಣೆಗೆ ಬರುವ ನೈಟ್ರೋಜನ್ ಲೈನ್ ತಾನಾಗಿ ಮುಚ್ಚುವ ಸೊಲೆನಾಯ್ಡ್ ವಾಲ್ವ್ ಹಾಕಿಸಿ. ಅದಕ್ಕಾಗುವ ಖರ್ಚು ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ.

ಕಂಪ್ರೆಸರ್ ಗಾಳಿಯ ಲೈನ್‌ಗೂ ನೈಟ್ರೋಜನ್ ಲೈನ್‌ಗೂ ಒಂದೇ ಬಗೆಯ ಕ್ವಿಕ್ ಕಪ್ಲಿಂಗ್ ಹಾಕಿದ್ದರೆ ಇವತ್ತೇ ಬದಲಿಸಿ. ಯಾರೋ ಬ್ಲೋ ಗನ್ ನೈಟ್ರೋಜನ್ ಲೈನ್‌ಗೆ ಸಿಕ್ಕಿಸಿ ಬಟ್ಟೆಯ ಧೂಳು ಹೊಡೆದುಕೊಳ್ಳುತ್ತಾರೆ. ಸೆಕೆಗೆ ಮುಖಕ್ಕೆ ಹಿಡಿದುಕೊಳ್ಳುವವರೂ ಇದ್ದಾರೆ. ಗಾಳಿ ಪೂರೈಸುವ ಮುಖವಾಡ ಬಳಸುವ ಶಾಪ್ ಆದರೆ ಈ ತಪ್ಪಿಗೆ ತಿದ್ದುವ ಅವಕಾಶವೇ ಇರುವುದಿಲ್ಲ. ಪೈಪಿನ ಮೇಲೆ "ನೈಟ್ರೋಜನ್, ಉಸಿರಾಡಬಾರದು" ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಬೇರೆ ರಾಜ್ಯದಿಂದ ಬಂದವರು ನಿಮ್ಮಲ್ಲಿದ್ದರೆ ಅವರ ಭಾಷೆಯಲ್ಲೂ ಬರೆಸಿ.

ಯಾರಾದರೂ ಒಳಗೆ ಬಿದ್ದಿದ್ದು ಕಂಡರೆ ಮಾಡಬೇಕಾದ್ದನ್ನು ರಾತ್ರಿ ಪಾಳಿಯವರಿಗೂ ಬಾಯಿಪಾಠ ಮಾಡಿಸಿ: ಒಳಗೆ ನುಗ್ಗಬೇಡ, ಹೊರಗಿನ ವಾಲ್ವ್ ಮುಚ್ಚು, ಬಾಗಿಲು ತೆರೆ, ಕೂಗು, 112ಕ್ಕೆ ಫೋನ್ ಮಾಡು. ಇದು ಹೇಳಲು ಸುಲಭ, ಮಾಡಲು ತುಂಬಾ ಕಷ್ಟ. ಕಣ್ಣೆದುರು ಬಿದ್ದವರು ಜೊತೆಗೆ ಊಟ ಮಾಡುವವರು. ಅದಕ್ಕೇ ಆ ವಾಲ್ವ್ ಕೋಣೆಯ ಹೊರಗೆ, ಕೈಗೆ ಸಿಗುವ ಕಡೆ, ಕೆಂಪು ಬಣ್ಣದಲ್ಲಿ ಇರಬೇಕು. ಓಡಿ ಬಂದವರಿಗೆ ಮಾಡಲು ಒಂದು ಕೆಲಸ ಕಣ್ಣಿಗೆ ಕಾಣಬೇಕು.

ಇಷ್ಟೆಲ್ಲ ನೋಡಿದ ಮೇಲೆ ಪೀಣ್ಯದ ಒಂದು ಲೇಸರ್ ಇರುವ, ಅಂಗಳ ಇಲ್ಲದ ಶಾಪ್‌ಗೆ ನನ್ನ ಆಯ್ಕೆ ಹೀಗೆ. ಕೆಲಸ ಕಡಿಮೆ ಇದ್ದರೆ ಹೊರಗಿಟ್ಟ ಸಿಲಿಂಡರ್. ದಿನವಿಡೀ ಸ್ಟೇನ್‌ಲೆಸ್ ಓಡಿದರೆ ಪಿಎಸ್‌ಎ ಮತ್ತು 25–30 ಬಾರ್‌ನ ಬೂಸ್ಟರ್, ಕೆಟ್ಟಾಗ ಕೈ ಹಿಡಿಯಲು ನಾಲ್ಕು ಸಿಲಿಂಡರ್. ಅಂಗಳ ಇದ್ದು, ಎರಡು ಮೂರು ಲೇಸರ್ ಓಡುತ್ತಿದ್ದು, ಟ್ಯಾಂಕರ್ ಒಳಗೆ ಬರುವಷ್ಟು ರಸ್ತೆ ಇದ್ದರೆ ದ್ರವ ಟ್ಯಾಂಕ್. ಎರಡನೇ ಲೇಸರ್ ತರುವ ದಿನ ಕೋಣೆಯ ಲೆಕ್ಕ ಮತ್ತೆ ಮಾಡಿ. ಲೇಸರ್ ನಳಿಕೆಯಿಂದ ಬರುವ ನೈಟ್ರೋಜನ್, ಹೊರಗೆ ಎಳೆದು ಹಾಕದಿದ್ದರೆ, ಶೆಡ್ ಒಳಗೇ ಉಳಿಯುತ್ತದೆ. ಮಳೆಗಾಲದಲ್ಲಿ ರೋಲಿಂಗ್ ಶಟರ್ ಇಳಿಸಿ ಕೆಲಸ ಮಾಡುವ ಶಾಪ್‌ನಲ್ಲಿ ಮೊದಲ ಮೀಟರ್ ಹಾಕಬೇಕಾದ್ದು ಗ್ಯಾಸ್ ಕೋಣೆಗಲ್ಲ, ಲೇಸರ್ ಆಪರೇಟರ್ ಕೂರುವ ಜಾಗಕ್ಕೆ.